ಮುಹೂರ್ತದ ದಿನ ರಜೆ

ಮದುವೆ ಅಡಿಗೆಯ ಕೆಲಸಕ್ಕೆ ಹೊಸದಾಗಿ ಸೇರುವವರು ಈಗ ಎರಡು ಪ್ರಶ್ನೆ ಕೇಳುತ್ತಾರೆ. ಸಂಬಳ ಎಷ್ಟು, ರಜೆ ಎಷ್ಟು. ನಾವು ಸೇರುವಾಗ ಇವೆರಡನ್ನೂ ಕೇಳುವ ಕ್ರಮ ಇರಲಿಲ್ಲ. ಕೇಳಿದ್ದರೆ ನನ್ನ ಗುರುಗಳಾದ ಕೇಶವಣ್ಣ ಕೈಯಲ್ಲಿದ್ದ ಸಟ್ಟುಗವನ್ನು ಅಡಿಗೆಗಲ್ಲದೆ ಬೇರೆ ಕೆಲಸಕ್ಕೂ ಉಪಯೋಗಿಸುತ್ತಿದ್ದರು. ಹಾಗೆಂದು ಕೇಳುವುದು ತಪ್ಪು ಎನ್ನುವವನಲ್ಲ ನಾನು. ಕೇಳಬೇಕು. ಆದರೆ ಎರಡನೆಯ ಪ್ರಶ್ನೆಯನ್ನು ಕೇಳುವ ರೀತಿಯಲ್ಲಿ ಒಂದು ಕೊರತೆ ಉಂಟು. ಅದು ನನಗೆ ತಿಳಿಯುವ ಹೊತ್ತಿಗೆ ಮಗಳ ಮದುವೆಯೇ ಬಂದಿತ್ತು.

ದೊಡ್ಡ ಮನುಷ್ಯರು ನಿವೃತ್ತಿಯ ನಂತರ ಬರೆಯುವಾಗ ತಮ್ಮ ಬಡ್ತಿಗಳ ವಿಷಯವನ್ನು ಸಂಕೋಚದಿಂದ ಬದಿಗೆ ಸರಿಸುತ್ತಾರೆ. ನನಗೆ ಆ ಕಷ್ಟ ಇಲ್ಲ. ನನ್ನ ವೃತ್ತಿಯಲ್ಲಿ ಹೇಳಿಕೊಳ್ಳುವಂಥದ್ದು ಒಂದೇ ಒಂದು ಹಿಂಬಡ್ತಿ. ಅದನ್ನು ನಾನೇ ಹೋಗಿ ಕೇಳಿ ಪಡೆದುಕೊಂಡೆ.

ನನ್ನ ಮನೆ ಅಗಲ್ಪಾಡಿಯ ಹತ್ತಿರ. ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಕೇಶವಣ್ಣ, ಇನ್ನು ಬೆಂಕಿಯ ಮುಂದೆ ನಿಂತರೆ ಬೆಂದ ಪದಾರ್ಥಗಳ ಲೆಕ್ಕಕ್ಕೆ ತಾವೂ ಸೇರಬೇಕಾದೀತು ಎಂದು ಹೇಳಿ ತಂಡವನ್ನು ನನಗೆ ಬಿಟ್ಟುಕೊಟ್ಟರು. ತಂಡವೆಂದರೆ ನಾನು, ನನ್ನ ಎರಡನೆಯವನಾದ ಸುಬ್ರಾಯ, ತರಕಾರಿ ಹೆಚ್ಚುವ ಇಬ್ಬರು. ಬದಿಯಡ್ಕದಿಂದ ನೆಕ್ರಾಜೆಯವರೆಗೆ ಮದುವೆ, ಉಪನಯನ, ಗೃಹಪ್ರವೇಶ, ಸತ್ತವರ ಬೊಜ್ಜ ಎಲ್ಲಕ್ಕೂ ಹೋಗುತ್ತಿದ್ದೆವು. ಕೇಶವಣ್ಣ ಸಟ್ಟುಗದ ಜೊತೆಗೆ ಕೆಲವು ಶಾಸನಗಳನ್ನೂ ಕೊಟ್ಟರು.

ಮೊದಲನೆಯದು ವೀಳ್ಯದ ವಿಷಯ. ಕಾರ್ಯಕ್ರಮ ಇರುವ ಮನೆಯವರು ಬಂದು ಬಟ್ಟಲಲ್ಲಿ ಐದು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ದಿನ ಹೇಳುತ್ತಾರೆ. ನೀನು ಅದನ್ನು ಮುಟ್ಟಿದೆಯೋ, ಆ ದಿನ ಅವರದ್ದು. ಮಾರನೆಯ ದಿನ ಅರಮನೆಯಿಂದ ಜನ ಬಂದರೂ ಇಲ್ಲವೆನ್ನಬೇಕು. ನಮ್ಮ ಕಡೆ ಅರಮನೆಯಿಂದ ಯಾರೂ ಬರಲಿಲ್ಲ, ಆದರೆ ಶಾಸನ ಶಾಸನವೇ.

ಇನ್ನೊಂದು, ಅಡಿಗೆಯವನು ಚಪ್ಪರದ ಮುಂದಿನ ಬದಿಯಲ್ಲಿ ಕಾಣಿಸಿಕೊಳ್ಳಬಾರದು. ಕಾಣಿಸಿಕೊಂಡರೆ ಅನ್ನ ಕಡಿಮೆ ಬಿದ್ದಿದೆ ಎಂದು ಜನ ಹೆದರುತ್ತಾರೆ, ಹೆದರಿದವರು ಮೊದಲ ಹಂತಿಗೇ, ಅಂದರೆ ಊಟದ ಮೊದಲ ಸಾಲಿಗೇ, ನುಗ್ಗುತ್ತಾರೆ, ಆಮೇಲೆ ನಿಜವಾಗಿಯೂ ಕಡಿಮೆ ಬೀಳುತ್ತದೆ.

ಈ ಕಾರಣದಿಂದ, ಲೆಕ್ಕವಿಲ್ಲದಷ್ಟು ಮದುವೆಗಳಿಗೆ ಹೋದ ನಾನು ಒಂದು ಮದುವೆಯನ್ನೂ ನೋಡಿರಲಿಲ್ಲ. ಕೇಳಿದ್ದೆ. ಹಿಂದಿನ ಒಲೆಯ ಹತ್ತಿರ ನಿಂತವನಿಗೆ ಮದುವೆ ಎಂದರೆ ಸದ್ದು. ಮಂತ್ರ ನಿಧಾನ ಇದ್ದರೆ ಹುಳಿಗೆ ಒಗ್ಗರಣೆ ಹಾಕಲು ಸಮಯ ಉಂಟು ಎಂದರ್ಥ. ವಾಲಗ ಒಮ್ಮೆಗೇ ಜೋರಾದರೆ ತೆರೆ ಸರಿಸಿ ಮಾಲೆ ಹಾಕಿದರು, ಅಂದರೆ ಅನ್ನ ಬಸಿಯಬೇಕು. ಆ ಜೋರು ಸದ್ದಿನ ಹೊತ್ತಿಗೆ ಮುಂದೆ ಎಂತ ನಡೆಯುತ್ತದೆ, ಹೆಣ್ಣಿನ ತಂದೆಯ ಮುಖ ಹೇಗಿರುತ್ತದೆ ಎಂದು ನನಗೆ ಒಂದು ಕುತೂಹಲ ಯಾವಾಗಲೂ ಇತ್ತು. ಸುಬ್ರಾಯನನ್ನು ಕೇಳಿದರೆ ಅವನು, ನನಗೆ ಹೇಗೆ ಗೊತ್ತು ಭಟ್ರೇ, ನಾನು ಆಗ ಗಂಜಿಯ ಹಬೆಯಲ್ಲಿರುತ್ತೇನಲ್ಲ ಎನ್ನುತ್ತಿದ್ದ.

ಸಂಬಂಧಿಕರ ಮದುವೆಗಾದರೂ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಮುಹೂರ್ತ ಎಲ್ಲರಿಗೂ ಒಂದೇ ದಿನ ಒಳ್ಳೆಯದಾಗಿರುತ್ತದೆ. ನನ್ನ ಸಂಬಂಧಿಕರಿಗೆ ಮದುವೆ ಇದ್ದ ದಿನ ಊರಿನ ಬೇರೆ ಯಾರಿಗೋ ಮದುವೆ ಇದ್ದು, ಅವರ ವೀಳ್ಯವನ್ನು ನಾನು ಮುಟ್ಟಿ ಆಗಿರುತ್ತಿತ್ತು. ನನಗೆ ಬಿಡುವು ಸಿಗುವುದು ಆಟಿಯಲ್ಲಿ. ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಮದುವೆ ಇಲ್ಲ, ಅಡಿಗೆ ಇಲ್ಲ. ಹಾಗಾಗಿ ಯಾರೂ ಎಲ್ಲಿಗೂ ಕರೆಯದ ತಿಂಗಳಲ್ಲಿ ಎಲ್ಲಿಗೆ ಬೇಕಾದರೂ ಹೋಗುವ ಪೂರ್ಣ ಸ್ವಾತಂತ್ರ್ಯ ನನಗೆ ಇತ್ತು.

ಮನೆಯವಳಿಗೆ, ಅಂದರೆ ಲಲಿತೆಗೆ, ಇದರಲ್ಲಿ ಒಂದೇ ದೂರು. ಮದುವೆಯಾದಂದಿನಿಂದ ಒಂದು ಸಮಾರಂಭಕ್ಕೂ ಜೊತೆಯಲ್ಲಿ ಹೋಗಿ, ಜೊತೆಯಲ್ಲಿ ಕೂತು, ಊಟ ಮಾಡಿ ಬಂದದ್ದಿಲ್ಲ. ನಮ್ಮ ಮನೆಮಾತು ತುಳು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ ಎಂದು ತಿಳಿದುಕೊಳ್ಳಬೇಕು.

ಒಮ್ಮೆ ಮಾತ್ರ ಅವಕಾಶ ಬಂತು. ನೆಕ್ರಾಜೆಯಲ್ಲಿ ಅವಳ ಅಣ್ಣನ ಗೃಹಪ್ರವೇಶ. ಅದೇ ದಿನ ನಾನು ಹೋಗಬೇಕಿದ್ದ ಮನೆಯಲ್ಲಿ ಸೂತಕ ಬಂದು ಕಾರ್ಯಕ್ರಮ ಮುಂದೆ ಹೋಯಿತು. ಇನ್ನೊಬ್ಬರ ಸೂತಕದಿಂದ ಸಿಕ್ಕಿದ ರಜೆಯಾದ್ದರಿಂದ ಬಹಿರಂಗವಾಗಿ ಸಂತೋಷಪಡುವ ಹಾಗಿರಲಿಲ್ಲ. ಇಸ್ತ್ರಿ ಹಾಕಿದ ಪಂಚೆ ಉಟ್ಟು ಲಲಿತೆಯ ಜೊತೆ ಜೀಪಿನಲ್ಲಿ ಹೋದೆ. ಮುಂದಿನ ಬದಿಯಲ್ಲಿ ಕುರ್ಚಿಯ ಮೇಲೆ ಕೂತೆ. ಕೈಯನ್ನು ಎಲ್ಲಿ ಇಡುವುದು ಎಂದು ಗೊತ್ತಾಗದೆ ತೊಡೆಯ ಮೇಲೆ ಇಟ್ಟುಕೊಂಡೆ. ಮೊದಲ ಹಂತಿಗೇ ಎಲೆಯ ಮುಂದೆ ಕೂರಿಸಿದರು. ಸಾರು ಬಂತು, ಪಲ್ಯ ಬಂತು. ಅಷ್ಟರಲ್ಲಿ ಹಿಂದಿನಿಂದ ಒಂದು ವಾಸನೆ ಬಂತು. ಹುಳಿಯ ಕೊಪ್ಪರಿಗೆ ಅಡಿ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುವ ವಾಸನೆ ಅದು. ಇನ್ನೂ ಹಿಡಿದಿರುವುದಿಲ್ಲ. ಬೆಂಕಿ ಎಳೆದರೆ ಉಳಿಯುತ್ತದೆ.

ಹಂತಿಯಲ್ಲಿ ಎಲ್ಲರೂ ಉಂಡು ಮುಗಿಸುವ ಮೊದಲು ಒಬ್ಬ ಏಳಬಾರದು ಎಂಬುದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ತಲೆಗೆ, ಎದ್ದದ್ದು ಕಾಲು. ಎಂಜಲು ಕೈಯಲ್ಲೇ ಹಿಂದೆ ಓಡಿ, ಎಡಗೈಯಲ್ಲಿ ಕೊಳ್ಳಿ ಎಳೆದು ಹಾಕಿದೆ. ಹುಳಿ ಉಳಿಯಿತು. ಉಳಿದದ್ದು ಯಾವುದೂ ಉಳಿಯಲಿಲ್ಲ. ಭಾವ ನನಗೆ ತಲೆ ತಿರುಗಿತು ಎಂದುಕೊಂಡು ನೀರಿನ ಚೆಂಬು ಹಿಡಿದು ಬಂದರು. ಹಂತಿಯಲ್ಲಿದ್ದ ಹಿರಿಯರು ಅರ್ಧ ಊಟದಲ್ಲಿ ಕೈ ನಿಲ್ಲಿಸಿದರು. ಅಲ್ಲಿಯ ಅಡಿಗೆಯವರು, ನನ್ನ ಪರಿಚಯದವರೇ, ಹಾಗಾದರೆ ಪೂರ್ತಿ ಮಾಡಿಯೇ ಹೋಗಿ ಎಂದು ಸೊಂಟದ ಬೈರಾಸು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. ಒಳಗೆ ಹೆಂಗಸರ ನಡುವೆ ಇದ್ದ ಲಲಿತೆಗೆ ಸುದ್ದಿ ನನಗಿಂತ ಮೊದಲು ತಲುಪಿತು.

ಮನೆಯ ಮೆಟ್ಟಿಲು ಹತ್ತಿದ ಮೇಲೆ ಒಂದೇ ಮಾತು ಹೇಳಿದಳು.

"ನಿಮ್ಮನ್ನು ಕರಕೊಂಡು ಹೋಗುವುದಕ್ಕಿಂತ ಆ ಸಟ್ಟುಗವನ್ನು ತಗೊಂಡು ಹೋಗಬಹುದಿತ್ತು. ಅದು ಇಟ್ಟಲ್ಲಿ ಕೂರ್ತದೆ."

ಹೀಗಿರುವಾಗ ಮಂಗಳೂರಿನಿಂದ ಶೆಟ್ರು ಬಂದರು. ದೊಡ್ಡ ಕ್ಯಾಟರಿಂಗ್ ನಡೆಸುತ್ತಿದ್ದವರು. ಬದಿಯಡ್ಕದ ಒಂದು ಮದುವೆಯಲ್ಲಿ ನನ್ನ ಅನಾನಸಿನ ಮೆಣಸ್ಕಾಯಿ ಉಂಡು, ಮಾಡಿದವರು ಯಾರು ಎಂದು ವಿಚಾರಿಸಿಕೊಂಡು ನೇರ ಹಿಂದಿನ ಒಲೆಯ ಹತ್ತಿರ ಬಂದರು. ತಿಂಗಳ ಸಂಬಳ ಹೇಳಿದರು. ನಾನು ಒಳ್ಳೆಯ ವರ್ಷದಲ್ಲಿ ತಿಂಗಳಿಗೆ ಗಳಿಸುವುದಕ್ಕಿಂತ ಅದು ಎಷ್ಟೋ ಮೇಲೆ ಇತ್ತು. ನಮ್ಮ ಕಸುಬಿನಲ್ಲಿ ಮಳೆಗಾಲದಲ್ಲಿ ಕೈ ಖಾಲಿ, ಧನು ತಿಂಗಳಲ್ಲಿ ಖಾಲಿ. ಅವರಲ್ಲಿ ವರ್ಷವಿಡೀ ಒಂದೇ ಸಮ. ಸಂಬಳ ಹೆಚ್ಚು ಕೊಡುವವರು ರಜೆ ಕಡಿಮೆ ಕೊಡುತ್ತಾರೆ ಎಂದು ನಾನು ಎಚ್ಚರದಿಂದ ಅದನ್ನೂ ಕೇಳಿದೆ. ಪ್ರತಿ ಮಂಗಳವಾರ ರಜೆ, ಆಟಿ ಪೂರ್ತಿ ರಜೆ ಎಂದರು.

"ಒಂದೇ ಮಾತು ಭಟ್ರೇ. ಮುಹೂರ್ತದ ದಿನ ಮಾತ್ರ ರಜೆ ಕೇಳಬಾರದು."

ಅಡಿಗೆಯವನು ಮುಹೂರ್ತದ ದಿನ ಯಾಕೆ ರಜೆ ಕೇಳುತ್ತಾನೆ? ನನಗೆ ಅದು ಷರತ್ತು ಎಂದೇ ಕಾಣಲಿಲ್ಲ.

ಆದರೂ ನಿರ್ಣಯ ದೊಡ್ಡದಾದ್ದರಿಂದ ಅಬ್ಬಾಸಿಚ್ಚನ ಅಭಿಪ್ರಾಯ ಕೇಳಿದೆ. ಬದಿಯಡ್ಕದಲ್ಲಿ ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವ ಬ್ಯಾರಿ ಅವರು. ಮೊದಲು ಗಲ್ಫಿನಲ್ಲಿ ಹೋಟೆಲ್ ಕೆಲಸದಲ್ಲಿದ್ದು, ಊರಿಗೆ ಬಂದು ಈ ಅಂಗಡಿ ಹಾಕಿದವರು. ನನ್ನ ಎಲ್ಲ ಕೊಪ್ಪರಿಗೆಗಳೂ ಅವರಲ್ಲಿಂದಲೇ ಹೋಗುತ್ತಿದ್ದವು. ಸಂಬಳ ಕೇಳಿ ಅವರು ಸಂತೋಷಪಟ್ಟರು. ರಜೆಯ ವಿಷಯ ಕೇಳಿ ತಗ್ಗುಬಿದ್ದ ಒಂದು ಮುಚ್ಚಳವನ್ನು ಸುತ್ತಿಗೆಯಿಂದ ತಟ್ಟತೊಡಗಿದರು.

"ಅಲ್ಲಿ ನನಗೂ ಶುಕ್ರವಾರ ರಜೆ ಇತ್ತು ಭಟ್ರೇ. ಎಂತ ಮಾಡ್ಲಿಕ್ಕೆ? ಬಟ್ಟೆ ಒಗೆಯುವುದು, ಊರಿಗೆ ಫೋನ್ ಮಾಡುವುದು. ಇಲ್ಲಿಂದ ಹೇಳುವುದು, ಮೊನ್ನೆ ತಂಗಿಯ ನಿಖಾ ಗಮ್ಮತ್ತಾಯ್ತು ಅಂತ. ನನ್ನ ರಜೆಗೆ ಬರುವುದು ಎಲ್ಲ ಮೊನ್ನೆಯದ್ದೇ."

ಆಮೇಲೆ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡುತ್ತಾ ಇನ್ನೊಂದು ಮಾತು ಸೇರಿಸಿದರು. "ಪಾತ್ರೆ ಕೇಳ್ಲಿಕ್ಕೆ ಬಂದವರ ಹತ್ರ ಎಷ್ಟು ದಿನಕ್ಕೆ ಅಂತ ನಾನು ಕೇಳುವುದಿಲ್ಲ. ಯಾವ ದಿನಕ್ಕೆ ಅಂತ ಕೇಳುವುದು. ಆಟಿಯಲ್ಲಿ ಆದರೆ ತಿಂಗಳಿಡೀ ಧರ್ಮಕ್ಕೆ ಇಟ್ಟುಕೊಳ್ಳಲಿ ಮಾರಾಯ್ರೆ."

ಇದು ಪಾತ್ರೆಯ ವ್ಯವಹಾರ ಎಂದುಕೊಂಡು ನಾನು ಅಷ್ಟು ಗಮನ ಕೊಡಲಿಲ್ಲ. ಮನೆಯಲ್ಲಿ ಹಂಚಿನ ಮಾಡು ಸೋರುತ್ತಿತ್ತು, ಮಗಳು ಸೌಮ್ಯ ಕಾಲೇಜಿಗೆ ಹೋಗುತ್ತಿದ್ದಳು. ಲಲಿತೆಯನ್ನೂ ಕೇಳಿದೆ. ಮಂಗಳವಾರ ಮನೆಯಲ್ಲಿರುತ್ತೀರಾ, ಇರಿ, ಬಾವಿಕಟ್ಟೆ ಪಾಚಿ ಹಿಡಿದಿದೆ ಎಂದಳು. ಇದನ್ನು ನಾನು ಒಪ್ಪಿಗೆ ಎಂದು ತಿಳಿದೆ. ತಂಡವನ್ನು ಸುಬ್ರಾಯನಿಗೆ ಒಪ್ಪಿಸಿ, ಕೇಶವಣ್ಣನಿಗೆ ಅಡ್ಡಬಿದ್ದು, ಕುಂಬಳೆಗೆ ಹೋಗಿ ಮಂಗಳೂರಿನ ಬಸ್ಸು ಹತ್ತಿದೆ.

ಮಂಗಳೂರಿನ ಅಡಿಗೆಮನೆಯನ್ನು ನೋಡಿ ಮೊದಲ ದಿನ ಆಸ್ಪತ್ರೆಗೆ ಬಂದೆನೋ ಎಂದುಕೊಂಡೆ. ಎಲ್ಲ ಸ್ಟೀಲು. ಅನ್ನಕ್ಕೆ ಹಬೆಯ ಬಾಯ್ಲರು, ಒಲೆಗೆ ಗ್ಯಾಸು, ತಲೆಗೆ ಟೊಪ್ಪಿ. ನೆಲ ಅಗೆದು ಒಲೆ ಮಾಡುವ ನಮಗೆ ಬೆಂಕಿಯನ್ನು ಒಂದು ಗುಂಡಿ ತಿರುಗಿಸಿ ಸಣ್ಣ ಮಾಡಬಹುದು ಎಂಬುದೇ ಆಶ್ಚರ್ಯ. ಸೌದೆಯ ಬೆಂಕಿಗೆ ಮುಂಚಿತವಾಗಿ ಹೇಳಬೇಕು. ಅದು ಕೇಳುವುದು ಸಾವಕಾಶ. ಗ್ಯಾಸಿನ ಬೆಂಕಿ ಹೇಳಿದ ಕೂಡಲೇ ಕೇಳುತ್ತದೆ. ಇಷ್ಟು ವಿಧೇಯತೆಗೆ ಒಗ್ಗಲು ನನಗೆ ಕೆಲವು ತಿಂಗಳು ಬೇಕಾಯಿತು. ಆಮೇಲೆ ಬಫೆ. ಜನ ನಿಂತುಕೊಂಡು, ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದು, ಮೂರನೆಯ ಕೈಯಿಂದ ಊಟ ಮಾಡುತ್ತಿದ್ದರು. ಹಂತಿಯಲ್ಲಾದರೆ ಯಾರು ಎಷ್ಟು ಬಿಟ್ಟರು ಎಂದು ಎಲೆ ಹೇಳುತ್ತದೆ. ಇಲ್ಲಿ ಯಾರನ್ನು ಕೇಳುವುದು? ಕೆಲವು ದಿನ ಕೈ ತೊಳೆಯುವಲ್ಲಿ ನಿಂತು ಬುಟ್ಟಿಗೆ ಬೀಳುವ ತಟ್ಟೆಗಳನ್ನೇ ನೋಡಿದೆ. ಪೇಟೆಯವರು ಬಿಡುವುದು ಅನ್ನ, ಊರಿನವರು ಬಿಡುವುದು ಪನೀರು ಎಂಬ ಸಂಶೋಧನೆಯನ್ನು ಮಾಡಿ ಶೆಟ್ರಿಗೆ ವರದಿ ಒಪ್ಪಿಸಿದೆ. ಅವರು ಅದನ್ನು ಉಪಯೋಗಿಸಿಕೊಂಡರು ಕೂಡ. ಒಳ್ಳೆಯ ಯಜಮಾನರು. ಸಂಬಳ ಒಂದು ತಿಂಗಳೂ ತಡವಾಗಲಿಲ್ಲ. ನಮ್ಮ ಮಾಡಿನ ಮುಂದಿನ ಅರ್ಧಕ್ಕೆ ಹೊಸ ಹಂಚು ಬಂತು.

ಮಂಗಳವಾರ ತಪ್ಪದೆ ಊರಿಗೆ ಬರುತ್ತಿದ್ದೆ. ಬಾವಿಕಟ್ಟೆ ಕನ್ನಡಿಯ ಹಾಗೆ ಆಯಿತು. ಆಮೇಲೆ ಎಂತ ಮಾಡುವುದು? ಮಗಳು ಕಾಲೇಜಿಗೆ, ಲಲಿತೆ ಹೆಂಗಸರ ಸಂಘದ ಮೀಟಿಂಗಿಗೆ. ಅವರ ಮೀಟಿಂಗು ಮಂಗಳವಾರವೇ, ಏಕೆಂದರೆ ಆ ದಿನ ಯಾರಿಗೂ ಬೇರೆ ಕಾರ್ಯಕ್ರಮ ಇರುವುದಿಲ್ಲವಂತೆ. ನನಗಿಂತ ಮೊದಲು ಮಂಗಳವಾರವನ್ನು ಅರ್ಥಮಾಡಿಕೊಂಡವರು ಅವರು. ನಾನು ಬದಿಯಡ್ಕಕ್ಕೆ ಹೋಗಿ ಅಬ್ಬಾಸಿಚ್ಚನ ಅಂಗಡಿಯಲ್ಲಿ ಕೂತು, ಆದಿತ್ಯವಾರದ ಮದುವೆಗಳಿಂದ ತಿರುಗಿ ಬಂದ ಪಾತ್ರೆಗಳನ್ನು ನೋಡಿ ಎಲ್ಲಿ ಎಂತ ಅಡಿಗೆ ಆಗಿತ್ತು ಎಂದು ಊಹೆ ಮಾಡುತ್ತಿದ್ದೆ. ಒಂದು ಕೊಪ್ಪರಿಗೆಯಲ್ಲಿ ಕಡ್ಲೆಬೇಳೆ ಅಂಟಿದ್ದನ್ನು ಕಂಡು, ಇದು ನೆಕ್ರಾಜೆಯ ಕಡೆಗೆ ಹೋದದ್ದಾ ಎಂದು ಕೇಳಿದೆ. ಅವರು ಹೌದು, ನಿಮ್ಮ ಭಾವನ ಮಗನ ಮದುವೆಯಲ್ಲವಾ ಎಂದರು. ನನಗೆ ಕರೆಯೋಲೆ ಬಂದಿತ್ತು. ಹೋಗಿದ್ದವಳು ಲಲಿತೆ. ಆ ಮದುವೆಯಲ್ಲಿ ನನ್ನ ಪಾಲಿಗೆ ಸಿಕ್ಕಿದ್ದು ಆ ಅಂಟಿದ ಬೇಳೆ.

ಆಟಿಯ ಕಥೆ ಇನ್ನೂ ಸ್ವಾರಸ್ಯ. ಪೇಟೆಯವರಿಗೆ ಆಟಿಯ ನೆನಪು ಬರತೊಡಗಿತ್ತು. ಹಿಂದೆ ನಮ್ಮವರು ಆಟಿಯಲ್ಲಿ ಪತ್ರೊಡೆ, ಹಲಸಿನ ಬೀಜ, ಬಿದಿರಿನ ಕಣಿಲೆ ತಿಂದು ಹೇಗೆ ಜೀವ ಹಿಡಿದಿದ್ದರು ಎಂದು ಮಕ್ಕಳಿಗೆ ತಿಳಿಸಲು ಸಂಘದವರು, ಕ್ಲಬ್ಬಿನವರು ಹಾಲ್‌ಗಳಲ್ಲಿ ಆಟಿಯ ಊಟ ಏರ್ಪಡಿಸತೊಡಗಿದರು. ಹಾಲ್ ತುಂಬ ಜನರಿಗೆ ಪತ್ರೊಡೆ ಸುತ್ತುವವರು ಯಾರು? ಶೆಟ್ರು ಬಹಳ ಸಂಕೋಚದಿಂದ ಕೇಳಿದರು, ಹೆಚ್ಚಿಗೆ ದುಡ್ಡೂ ಕೊಟ್ಟರು. ಹಾಗೆ ನನ್ನ ರಜೆಯ ತಿಂಗಳು ರಜೆಯ ತಿಂಗಳಿನ ಸ್ಮರಣಾರ್ಥ ಕೆಲಸಕ್ಕೆ ಹೋಯಿತು. ವೇದಿಕೆಯ ಮೇಲೆ ಒಬ್ಬರು, ಆಟಿಯಲ್ಲಿ ನಮ್ಮ ಹಿರಿಯರು ಮನೆಯಲ್ಲೇ ಕೂತು ವಿಶ್ರಾಂತಿ ಪಡೆಯುತ್ತಿದ್ದರು ಎಂದು ಭಾಷಣ ಮಾಡುವಾಗ ನಾನು ಕೆಸುವಿನೆಲೆಯ ನಾರು ತೆಗೆಯುತ್ತಿದ್ದೆ.

ಅಷ್ಟರಲ್ಲಿ ಸೌಮ್ಯಳಿಗೆ ಸಂಬಂಧ ಕೂಡಿ ಬಂತು. ಹುಡುಗ ಪುತ್ತೂರಿನ ಕಡೆಯವನು, ಶಾಲೆ ಮಾಸ್ಟ್ರು. ಲಲಿತೆಯೂ ನಾನೂ ದಿನ ನೋಡಿಸಲು ಜೋಯಿಸರಲ್ಲಿಗೆ ಹೋದೆವು. ಅವರು ಪಂಚಾಂಗ ಬಿಡಿಸಿ, ಬೆರಳು ಮಡಚಿ, ಮೇ ತಿಂಗಳ ಒಂದು ಆದಿತ್ಯವಾರ ಹೇಳಿದರು. ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನ ಇಲ್ಲವಂತೆ. ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನ ಇಲ್ಲವೆಂದು ಮಂಗಳೂರಿನ ಒಬ್ಬ ದೊಡ್ಡ ವ್ಯಾಪಾರಿಗೂ ಯಾರೋ ಹೇಳಿದ್ದರು. ಶೆಟ್ರ ಅತಿ ದೊಡ್ಡ ಆರ್ಡರು ಅದೇ ದಿನ ಇತ್ತು. ನನ್ನ ಬಾಯಿಂದ ಮಾತು ತಾನಾಗಿಯೇ ಹೊರಟಿತು.

"ಮಂಗಳವಾರ ಎಂತಾದರೂ ಉಂಟಾ ಜೋಯಿಸರೇ?"

ಜೋಯಿಸರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮಂಗಳವಾರ ಮದುವೆ ಇಟ್ಟುಕೊಳ್ಳಲು ಕೇಳಿದವರು ಅವರ ಅನುಭವದಲ್ಲಿ ಇರಲಿಲ್ಲ ಎಂದು ಕಾಣುತ್ತದೆ. ಲಲಿತೆ ನನ್ನನ್ನು ನೋಡಲಿಲ್ಲ. ಅವಳು ಗೋಡೆಯ ಮೇಲಿನ ದೇವರ ಫೋಟೋವನ್ನು ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಕಾಫಿ ಕುಡಿಯುವಾಗ ಅವಳು ಒಂದು ಬಟ್ಟಲು ತಂದು ಮುಂದೆ ಇಟ್ಟಳು. ಐದು ವೀಳ್ಯದೆಲೆ, ಒಂದು ಅಡಿಕೆ.

"ಎಂತ ಇದು?"

"ವೀಳ್ಯ. ಆ ಆದಿತ್ಯವಾರಕ್ಕೆ. ನಿಮಗೆ."

"ಆ ದಿನ ಶೆಟ್ರದ್ದು..."

"ಶೆಟ್ರು ಸಂಬಳ ಕೊಡುವುದಲ್ವಾ. ವೀಳ್ಯ ಕೊಟ್ಟಿದ್ದಾರಾ?"

ಯೋಚಿಸಿ ನೋಡಿದೆ. ಕೊಟ್ಟಿರಲಿಲ್ಲ. ಸಂಬಳದ ಕೆಲಸದಲ್ಲಿ ವೀಳ್ಯದ ಕ್ರಮ ಇಲ್ಲ. ಅಷ್ಟು ವರ್ಷ ನಾನು ಯಾರ ವೀಳ್ಯವನ್ನೂ ಮುಟ್ಟದೆ ಅಡಿಗೆ ಮಾಡಿದ್ದೆ ಎಂಬುದು ನನಗೆ ಆಗಲೇ ಹೊಳೆದದ್ದು. ಕೇಶವಣ್ಣನ ಶಾಸನದ ಪ್ರಕಾರ ಆ ಆದಿತ್ಯವಾರ ಇನ್ನೂ ಖಾಲಿ ಇತ್ತು.

"ಅಡಿಗೆಗೆ ಯಾರು?" ಎಂದೆ. ಅದೇ ನನ್ನ ಮೊದಲ ಚಿಂತೆಯಾದದ್ದಕ್ಕೆ ಕ್ಷಮೆ ಇರಲಿ.

"ಸುಬ್ರಾಯನಿಗೆ ನಿನ್ನೆ ಸಂಜೆಯೇ ಹೋಗಿ ಕೊಟ್ಟು ಬಂದೆ. ಒಳ್ಳೆ ಅಡಿಗೆಯವರು ಸಿಗುವುದು ಕಷ್ಟ. ಮದುಮಗಳ ಅಪ್ಪನಿಗೆ ಇವತ್ತು ಕೊಟ್ಟರೆ ಸಾಕು ಅಂತ ಇಟ್ಟೆ."

ನಾನು ಅಡಿಕೆ ಎತ್ತಿಕೊಂಡೆ.

ಶೆಟ್ರು ಬೇಡ ಎನ್ನಲಿಲ್ಲ. ಮಗಳ ಮದುವೆಗೆ ಬೇಡ ಎನ್ನಲು ನಾನು ಯಾರು ಎಂದರು. ಆದರೆ ಆ ದಿನದ ಅಡಿಗೆ ನನ್ನ ಕೈಯದ್ದೆಂದೇ ವ್ಯಾಪಾರಿಗೆ ಮಾತು ಕೊಟ್ಟಾಗಿತ್ತು. ಅದಕ್ಕೆ ಒಂದು ದಾರಿ ಹೇಳಿದರು. ಬೆಳಗ್ಗಿನ ಮುಹೂರ್ತ. ಧಾರೆ ಮುಗಿದ ಕೂಡಲೇ ಅವರ ಕಾರು ಮದುವೆ ಹಾಲ್‌ನ ಬಾಗಿಲಲ್ಲಿ ಇರುತ್ತದೆ. ನಾನು ಹತ್ತಿ ಮಂಗಳೂರಿಗೆ ಬಂದರೆ ಸಂಜೆಯ ಊಟಕ್ಕೆ ನಿಲ್ಲಬಹುದು. ಪ್ರತಿಯಾಗಿ ಮಗಳ ಮದುವೆಯ ಹಾಲ್‌ನ ಖರ್ಚು ಅವರದ್ದು, ಮುಂದಿನ ತಿಂಗಳಿನಿಂದ ಸಂಬಳವೂ ಮೇಲೆ.

ಇದನ್ನು ನಾನು ಹಗುರವಾಗಿ ತಳ್ಳಿಹಾಕಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವರ ಆಫೀಸಿನ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಯೋಚಿಸಿದೆ. ಮಾಡಿನ ಹಿಂದಿನ ಅರ್ಧ ಇನ್ನೂ ಸೋರುತ್ತಿತ್ತು. ಧಾರೆಗೆ ಇರುತ್ತೇನಲ್ಲ, ಇನ್ನೆಂತ ಬೇಕು ಎಂದೂ ಅನ್ನಿಸಿತು. ಧಾರೆಯ ನಂತರ ಎಂತ ಇರುತ್ತದೆ? ಊಟ. ಆಮೇಲೆ ಮಗಳನ್ನು ಒಪ್ಪಿಸಿಕೊಡುವುದು. ಆ ಹೊತ್ತಿಗೆ ನಾವು ಅಡಿಗೆಯವರು ಪಾತ್ರೆ ತೊಳೆಸುತ್ತಿರುತ್ತೇವೆ. ಮುಂದಿನಿಂದ ಅಳುವ ಸದ್ದು ಬರುತ್ತದೆ. ಇಷ್ಟು ಮದುವೆಗಳಲ್ಲಿ ಆ ಸದ್ದು ಕೇಳಿದ್ದೆ. ಕೊನೆಗೆ ಒಂದೇ ಮಾತು ಬಂತು.

"ಅರ್ಧ ದಿನಕ್ಕೆ ವೀಳ್ಯ ತೆಗೆದುಕೊಳ್ಳುವ ಕ್ರಮ ಇಲ್ಲ ಶೆಟ್ರೇ."

ಯಾರ ವೀಳ್ಯ ಎಂದು ಕೇಳಿದರು. ಹೇಳಿದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಹಾಗಾದರೆ ಆ ದಿನಕ್ಕೆ ನಾನು ಬೇರೆಯವರನ್ನು ತರಬೇಕು, ಬಂದವರನ್ನು ಮಾರನೆಯ ದಿನ ಹೋಗಿ ಎನ್ನುವ ಹಾಗಿಲ್ಲ ಎಂದರು. ಅದು ನ್ಯಾಯವೇ. ಆ ತಿಂಗಳ ಸಂಬಳ ಪೂರ್ತಿ ಕೊಟ್ಟು ಕಳಿಸಿದರು.

ಮದುವೆಯ ದಿನ ನಾನು ಮಂಟಪದ ಹತ್ತಿರ ಬಂದು ನಿಂತ ಕೂಡಲೇ ಮುಂದಿನ ಸಾಲಿನಲ್ಲಿದ್ದ ನಮ್ಮ ದೊಡ್ಡಪ್ಪ ಪಕ್ಕದವರ ಕಿವಿಯಲ್ಲಿ, ಎಂತ, ಅನ್ನ ಕಡಿಮೆ ಬಿತ್ತಾ ಎಂದು ಕೇಳಿದರು. ಕೇಶವಣ್ಣನ ಮಾತು ಎಷ್ಟು ಸತ್ಯ ಎಂದು ಕಂಡೆ. ಅವರನ್ನು ಸಮಾಧಾನಪಡಿಸಿ ಕೂತೆ. ವಾಲಗ ಜೋರಾಯಿತು. ನಾನು ಇಷ್ಟು ವರ್ಷ ನೋಡಬೇಕೆಂದಿದ್ದ ಹೊತ್ತು ಅದು. ನೋಡಿದೆನೇ? ಸದ್ದು ಕೇಳಿದ್ದೇ ನನ್ನ ಎರಡೂ ಕೈ ಅನ್ನ ಬಸಿಯುವ ಹಿಡಿಕೆಗಾಗಿ ಮುಂದೆ ಚಾಚಿದವು. ಪುರೋಹಿತರು ಅದನ್ನು ಆಶೀರ್ವಾದ ಎಂದು ತಿಳಿದು ಅಕ್ಷತೆ ಹಾಕಿ ಸುಧಾರಿಸಿದರು.

ಆಮೇಲೆ ಧಾರೆ. ಮಗಳ ಕೈ ನನ್ನ ಕೈಯಲ್ಲಿ. ಲಲಿತೆ ಗಿಂಡಿಯಿಂದ ನೀರು ಬಿಡಬೇಕು. ಅವಳು ಗಿಂಡಿ ಬಗ್ಗಿಸುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ ವಾಸನೆ ಬಂತು. ಕಡ್ಲೆಬೇಳೆ ಪಾಯಸ, ಬೆಲ್ಲ ಹಾಕಿದ ಮೇಲೆ ತಿರುವುವ ಕೈ ನಿಂತಿದೆ. ಇನ್ನೂ ಹಿಡಿದಿರಲಿಲ್ಲ. ಈಗ ಒಬ್ಬರು ಬೆಂಕಿ ಎಳೆದರೆ ಉಳಿಯುತ್ತದೆ. ನನ್ನ ಮೂಗು ಅರಳಿದ್ದು, ಸೊಂಟ ಅರ್ಧ ಎದ್ದದ್ದು ಲಲಿತೆಗೆ ಕಂಡಿತು. ಅವಳು ಕಣ್ಣು ಗಿಂಡಿಯ ಮೇಲೇ ಇಟ್ಟುಕೊಂಡು, ಮಂತ್ರದ ಅಡಿಯಲ್ಲಿ ಹೇಳಿದಳು.

"ಕೂತ್ಕೊಳ್ಳಿ."

ಕೂತೆ. ನೀರು ಕೈಯ ಮೇಲೆ ಬಿತ್ತು. ತಣ್ಣಗಿತ್ತು. ಪಾಯಸ ಅಡಿ ಹಿಡಿಯಿತು. ಹಿಡಿದ ಗಳಿಗೆಯೂ ನನಗೆ ಗೊತ್ತಾಯಿತು. ಮಗಳ ಬೆರಳುಗಳಿಗೆ ಮದರಂಗಿ ಹಚ್ಚಿದ್ದರು. ಅದನ್ನು ಅಷ್ಟು ಹತ್ತಿರದಿಂದ ಆಗ ನೋಡಿದೆ. ಹೆಣ್ಣಿನ ತಂದೆಯ ಮುಖ ಹೇಗಿರುತ್ತದೆ ಎಂಬ ನನ್ನ ಹಳೆಯ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ಆ ಜಾಗದಲ್ಲಿ ಕೂತವನಿಗೆ ಅದೊಂದು ಕಾಣುವುದಿಲ್ಲ.

ಪಾಯಸ ಬಡಿಸಿದಾಗ ಯಾರೂ ದೂರಲಿಲ್ಲ. ಅಡಿಗೆಯವರ ಮನೆಯ ಮದುವೆ, ಇದು ಎಂತದೋ ಹೊಸ ಕ್ರಮ ಇರಬೇಕು ಎಂದುಕೊಂಡರು. ಪುತ್ತೂರಿನ ಬೀಗರು, ಈ ಹೊಗೆಯ ಪರಿಮಳ ಬರಿಸುವುದು ಹೇಗೆ ಎಂದು ಗುಟ್ಟಾಗಿ ಕೇಳಿದರು. ಸುಬ್ರಾಯ ಮಾತ್ರ ಕಂಬದ ಮರೆಯಿಂದ ಹೊರಗೆ ಬರಲಿಲ್ಲ. ಕೊನೆಯ ಹಂತಿಯಲ್ಲಿ ಲಲಿತೆಯೂ ನಾನೂ ಪಕ್ಕಪಕ್ಕದಲ್ಲಿ ಕೂತೆವು. ಅವಳು ನನ್ನ ಎಲೆಯ ಕಡೆ ನೋಡಿದಳು.

"ಹೇಗುಂಟು?"

"ಅಡಿ ಹಿಡಿದಿದೆ."

"ಅದು ನನಗೂ ಗೊತ್ತುಂಟು. ಹೇಗುಂಟು?"

"ಒಳ್ಳೆದುಂಟು," ಎಂದೆ. ಇನ್ನೊಂದು ಸಲ ಹಾಕಿಸಿಕೊಂಡೆ.

ಸಂಜೆ ಮಗಳನ್ನು ಕಳಿಸಿಕೊಡುವಾಗ ಮುಂದಿನ ಬದಿಯಲ್ಲೇ ಇದ್ದೆ. ಸದ್ದು ಅಲ್ಲಿಯೂ ಅದೇ. ಅದರಲ್ಲಿ ನನ್ನದೂ ಇತ್ತು ಎಂದು ಮಾತ್ರ ಬರೆದು ಮುಂದೆ ಹೋಗುತ್ತೇನೆ.

ಆ ವಾರವೇ ಸುಬ್ರಾಯನ ಮನೆಗೆ ಹೋಗಿ ಕೆಲಸ ಕೇಳಿದೆ. ಅವನು ತಂಡವನ್ನೇ ತಿರುಗಿ ಕೊಡಲು ಎದ್ದು ನಿಂತ. ನಾನು ಬೇಡ ಎಂದೆ. ನನಗೆ ಬೇಕಾದದ್ದು ಎರಡನೆಯವನ ಸ್ಥಾನ. ಭಟ್ರೇ, ನೀವು ನನ್ನ ಕೈಕೆಳಗೆ ಹೇಗೆ ಎಂದು ಅವನು ಬೆವರಿದ. ಕೈಕೆಳಗೆ ಅಲ್ಲ, ಪಕ್ಕದಲ್ಲಿ, ಪಾಯಸದ ಅಡಿ ನೋಡಿಕೊಳ್ಳಲು ಒಬ್ಬರು ಬೇಕಲ್ಲವಾ ಎಂದೆ. ಆ ಮಾತಿನ ನಂತರ ಅವನಿಗೆ ವಾದ ಮಾಡುವ ಧೈರ್ಯ ಉಳಿಯಲಿಲ್ಲ.

ಇದನ್ನು ಹೊಸಬರು ಸರಿಯಾಗಿ ನೋಡಬೇಕು. ಯಾರು ಇಲ್ಲದಿದ್ದರೆ ಊಟ ಕೆಡುತ್ತದೋ ಅವನಿಗೆ ಸಂಬಳ ಹೆಚ್ಚು. ಹೆಚ್ಚು ಕೊಡುವುದೇ ಅವನು ಇರಬೇಕು ಎಂಬುದಕ್ಕೆ. ಎರಡನೆಯವನಿಗೆ ಕಡಿಮೆ, ಆದರೆ ಅವನು ಒಂದು ದಿನ ಇಲ್ಲದಿದ್ದರೆ ಮೂರನೆಯವನು ಸುಧಾರಿಸುತ್ತಾನೆ. ದುಡ್ಡು ಬೇಡ ಎಂದು ನಾನು ಹೇಳುವುದಿಲ್ಲ. ಮಾಡಿನ ಹಿಂದಿನ ಅರ್ಧ ಹಲವು ಮಳೆಗಾಲ ಪ್ಲಾಸ್ಟಿಕ್ ಹೊದ್ದುಕೊಂಡೇ ಇತ್ತು, ಅದರ ಕೆಳಗೆ ಬಾಲ್ದಿ ಇಡುವವಳು ಲಲಿತೆ. ಶೆಟ್ರ ಕೆಲಸ ಹಿಡಿದವರು ಮೂರ್ಖರೂ ಅಲ್ಲ. ಆದರೆ ಹಿಡಿಯುವಾಗ ರಜೆ ಎಷ್ಟು ಎಂದು ಕೇಳಿ ಬಿಡಬೇಡಿ, ಯಾವ ದಿನ ಎಂದು ಕೇಳಿ. ಅಬ್ಬಾಸಿಚ್ಚ ನನಗೆ ಮುಚ್ಚಳ ತಟ್ಟುತ್ತಾ ಹೇಳಿದ್ದು ಅದನ್ನೇ. ನನ್ನ ಕಿವಿಗೆ ಆಗ ಸುತ್ತಿಗೆಯ ಸದ್ದು ಮಾತ್ರ ಬಿದ್ದಿತ್ತು.

ಕೆಲವು ವರ್ಷಗಳ ನಂತರ ಅದೇ ಅಂಗಡಿಯಲ್ಲಿ ಶೆಟ್ರು ಸಿಕ್ಕಿದರು. ಹಳೆಯ ಕಾಲದ ತಾಮ್ರದ ಪಾತ್ರೆ ಹುಡುಕಿಕೊಂಡು ಬಂದಿದ್ದರು, ಪೇಟೆಯಲ್ಲಿ ಈಗ ಅದಕ್ಕೆ ಬೆಲೆಯಂತೆ. ಅವರ ಮಗನ ಮದುವೆ ಆಗಿತ್ತು. ಅಡಿಗೆ ಅವರದ್ದೇ ಆದ್ದರಿಂದ ಬೆಳಗ್ಗಿನಿಂದ ಸಂಜೆಯವರೆಗೆ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದರಂತೆ. ಹೊರಡುವಾಗ ತಿರುಗಿ ಕೇಳಿದರು.

"ಹೇಗಿತ್ತು ಭಟ್ರೇ, ಮುಂದೆ ಕೂತು ನೋಡುವುದು?"

"ಸೊಂಟ ಹಿಡಿಯಿತು ಶೆಟ್ರೇ," ಎಂದೆ. ಅವರು ನಗಲಿಲ್ಲ. ಕಾರಿನ ಬಾಗಿಲು ಹಿಡಿದುಕೊಂಡು ಇನ್ನೂ ಎಂತದೋ ಕೇಳಲಿಕ್ಕಿದ್ದವರ ಹಾಗೆ ನಿಂತಿದ್ದರು. ಅದಕ್ಕೆ ತಣ್ಣಗಿನ ನೀರು, ಮದರಂಗಿ, ಪಾಯಸ ಎಲ್ಲವನ್ನೂ ಹೇಳಿದೆ.

ಆ ಮದುವೆಯ ನಂತರ ಪ್ರತಿ ವರ್ಷ ನಮ್ಮ ಯುಗಾದಿಯಾದ ಬಿಸುವಿನ ದಿನ, ಹೊಸ ಪಂಚಾಂಗ ಬಂದ ಮೇಲೆ, ಲಲಿತೆ ಬಟ್ಟಲಲ್ಲಿ ಎಲೆ ಅಡಿಕೆ ಇಟ್ಟು ತನಗೆ ಬೇಕಾದ ಮುಹೂರ್ತಗಳನ್ನು ಬೇರೆಯವರಿಗಿಂತ ಮೊದಲು ಹೇಳಿಬಿಡುತ್ತಿದ್ದಳು. ನಾನು ಅಡಿಕೆ ಮುಟ್ಟುತ್ತಿದ್ದೆ. ಸುಬ್ರಾಯನಿಗೆ ವೀಳ್ಯ ಬಂದಿದೆ ಎಂದರೆ ಸಾಕು, ಎಲ್ಲಿಂದ ಎಂದು ಅವನು ಕೇಳುತ್ತಿರಲಿಲ್ಲ. ಎಷ್ಟೋ ಮದುವೆಗಳಲ್ಲಿ ಜೊತೆಯಲ್ಲಿ ಕೂತೆವು. ಒಂದರಲ್ಲೂ ನಾನು ನಡುವೆ ಏಳಲಿಲ್ಲ. ಎರಡು ಸಲ ಏಳುವ ಹಾಗಾದಾಗ ಅವಳು ನನ್ನ ಪಂಚೆಯ ಅಂಚನ್ನು ತನ್ನ ಮೊಣಕಾಲಿನ ಕೆಳಗೆ ಒತ್ತಿಕೊಂಡಿದ್ದಳು.

ಎರಡು ಸಾವಿರದ ಹದಿನೆಂಟರಲ್ಲಿ ಕೆಲಸ ಬಿಟ್ಟೆ. ಮುಂದಿನ ಬಿಸುವಿಗೆ ಬಟ್ಟಲು ಬರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ಇನ್ನೆಂತಕ್ಕೆ, ಮನೆಯಲ್ಲೇ ಇರುತ್ತೀರಲ್ಲ ಎಂದಳು. ನನಗೆ ಆಗಲೇ ನಿಜವಾಗಿ ಕೆಲಸ ಹೋದ ಹಾಗೆ ಅನ್ನಿಸಿದ್ದು. ಒಳಗೆ ಹೋಗಿ ಅದೇ ಬಟ್ಟಲು ತಂದೆ. ಐದು ಎಲೆ, ಒಂದು ಅಡಿಕೆ ಇಟ್ಟು ಅವಳ ಮುಂದೆ ಇಟ್ಟೆ. ಒಂದು ಮಂಗಳವಾರ ಹೇಳಿದೆ. ಆ ದಿನ ಎಲ್ಲೂ ಎಂತದೂ ಇರುವುದಿಲ್ಲ, ನಾನೇ ಪಾಯಸ ಮಾಡುತ್ತೇನೆ, ಇಬ್ಬರೇ ಕೂತು ಉಣ್ಣುವುದು ಎಂದೆ.

ಅವಳು ಬಟ್ಟಲನ್ನು ನೋಡಿದಳು. ಅಡಿಕೆಯನ್ನು ಮುಟ್ಟಲಿಲ್ಲ.

"ಮೊದಲೇ ಹೇಳಬಾರದಿತ್ತಾ," ಎಂದಳು. "ಆ ಮಂಗಳವಾರ ಸಂಘದವರಿಗೆ ಹೇಳಿ ಆಯ್ತು. ಬುಧವಾರ ನೋಡಿ."

ಬುಧವಾರ ನೋಡಿದೆ. ಖಾಲಿ ಇತ್ತು.